ಏಳನೆಯ ಕಾಯಿ ಯಾರ ಕೈಯಲ್ಲಿ: ಡೊಮಿನೊದಲ್ಲಿ ನನಗೆ ಫಲಿಸಿದ ಲೆಕ್ಕ

ಡೊಮಿನೊ ಪೂರ್ತಿ ಅದೃಷ್ಟದ ಆಟ, ಭಾರದ (ಚುಕ್ಕಿ ಹೆಚ್ಚಿರುವ) ಕಾಯಿ ಮೊದಲು ಇಳಿಸಿಬಿಟ್ಟರೆ ಮುಗಿಯಿತು ಅನ್ನುವವರ ಜೊತೆ ವಾದ ಮಾಡಿ ಸಾಕಾಗಿತ್ತು. ಅಂಕಿ ಎಣಿಸಿ ಆಡುತ್ತೇನೆ ಅಂದರೆ "28 ಕಾಯಿಯಲ್ಲಿ ಎಣಿಸೋದಕ್ಕೆ ಏನಿದೆ" ಎಂದು ನಕ್ಕವರೇ ಹೆಚ್ಚು. ಈಗ ಹತ್ತು ಆಟ ಆಡಿದರೆ ಆರೋ ಏಳೋ ನನ್ನ ಕಡೆ ಬೀಳುತ್ತಿವೆ. ಬರೆದಿಟ್ಟ ಲೆಕ್ಕವಲ್ಲ, ನೆನಪಿನ ಮೇಲೆ ಹೇಳುತ್ತಿದ್ದೇನೆ. ನಕ್ಕವರು ಈಗ ನಗುತ್ತಿಲ್ಲ ಅನ್ನುವುದು ಮಾತ್ರ ಖಚಿತ.

ನಾನು ಆಡುವ ನಿಯಮ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆಕ್ಕ ಹೊಂದುವುದಿಲ್ಲ. ಇಬ್ಬರ ಆಟ, ಡಬಲ್ ಸಿಕ್ಸ್ ಸೆಟ್: ಪ್ರತಿ ಕಾಯಿಗೆ ಎರಡು ಅರ್ಧ, ಒಂದೊಂದರಲ್ಲಿ ಖಾಲಿಯಿಂದ ಆರರವರೆಗೆ ಚುಕ್ಕಿ; ಸಾಲಿನ ತುದಿಯ ಅಂಕಿಗೆ ಅದೇ ಅಂಕಿ ಇರುವ ಕಾಯಿ ಜೋಡಿಸುತ್ತಾ ಹೋಗಬೇಕು. ತಲಾ 7 ಕಾಯಿ, ರಾಶಿಯಲ್ಲಿ 14. ಕೈಯಲ್ಲಿ ಹೊಂದುವ ಕಾಯಿ ಇಲ್ಲದಿದ್ದರೆ ಸಿಗುವ ತನಕ ರಾಶಿಯಿಂದ ಎತ್ತಬೇಕು, ಕೊನೆಯ ಎರಡನ್ನು ಮುಟ್ಟುವಂತಿಲ್ಲ. ಡಬಲ್ (ಎರಡೂ ಅರ್ಧದಲ್ಲಿ ಒಂದೇ ಅಂಕಿ ಇರುವ ಕಾಯಿ) ಅಡ್ಡ ಇಟ್ಟರೂ ಅಲ್ಲಿಂದ ಕವಲು ಇಲ್ಲ, ಸಾಲಿಗೆ ಎರಡೇ ತುದಿ. ಕೈ ಖಾಲಿಯಾದವನಿಗೆ ಎದುರಾಳಿಯ ಕೈಯಲ್ಲಿ ಉಳಿದ ಚುಕ್ಕಿ. ಆಟ ಕಟ್ಟಿಕೊಂಡರೆ, ಅಂದರೆ ಇಬ್ಬರಿಗೂ ಇಡಲು ಕಾಯಿ ಇಲ್ಲದಾದರೆ, ಚುಕ್ಕಿ ಕಡಿಮೆ ಇದ್ದವನಿಗೆ ವ್ಯತ್ಯಾಸ. 100 ಮುಟ್ಟಿದವನು ಗೆದ್ದ. "ಒಂದೇ ಕಾಯಿ ಎತ್ತಿ ಪಾಸ್" ಅನ್ನುವ ಪದ್ಧತಿಯೂ ಇದೆ. ಹಂಚುವ ಮೊದಲೇ ಮಾತಾಡಿಕೊಳ್ಳದಿದ್ದರೆ ಮಧ್ಯದಲ್ಲಿ ಜಗಳ ಗ್ಯಾರಂಟಿ.

ಇನ್ನು ವಿಷಯ. ಪ್ರತಿ ಅಂಕಿಗೂ, ಖಾಲಿ ಸೇರಿ, 7 ಕಾಯಿ. ಡಬಲ್‌ನಲ್ಲಿ ಎರಡು ಸಲ ಬರುವುದರಿಂದ ಆ ಅಂಕಿಯ ಮುಖ (ಅಂಕಿ ಇರುವ ಅರ್ಧ) ಒಟ್ಟು 8. ಸಾಲಿನೊಳಗೆ ಮುಖಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ, ತೆರೆದಿರುವುದು ತುದಿಯವು ಮಾತ್ರ. ಹಾಗಾಗಿ ನಾಲ್ಕರ ಆರು ಕಾಯಿ ಮೇಜಿನ ಮೇಲಿದ್ದು, ಏಳನೆಯದು ಡಬಲ್ ಅಲ್ಲದ ಕಾಯಿಯಾಗಿ ನಿಮ್ಮ ಕೈಯಲ್ಲಿದ್ದರೆ, ಮೇಜಿನ ಮೇಲೆ ನಾಲ್ಕರ ಮುಖ 7, ಬೆಸ. ಅಂದರೆ ಒಂದು ತುದಿ ನಾಲ್ಕೇ ಆಗಿರಬೇಕು, ಬೇರೆ ದಾರಿಯೇ ಇಲ್ಲ. ಆ ತುದಿಯನ್ನು ಎದುರಾಳಿ ಮುಟ್ಟಲಾರ. ಅದು ನಿಮ್ಮ ಸ್ವಂತ ತುದಿ, ಯಾವಾಗ ಬೇಕಾದರೂ ಬಳಸಿಕೊಳ್ಳಿ.

ಒಂದು ಸುತ್ತನ್ನು ಬಿಡಿಸಿ ತೋರಿಸುತ್ತೇನೆ. ನನ್ನ ಕೈ: 4-1, 4-2, 4-3, 4-5, 4-6, 0-1, 1-2. ಒಂದೇ ಅಂಕಿಯ ಐದು ಬರುವುದು ಅಪರೂಪ, ಬಂದಾಗ ಬಿಡಬಾರದು. ಎದುರಾಳಿ 4-4 ಇಟ್ಟು ಶುರು ಮಾಡಿದ. ನಾನು 4-6, ಅವನು 6-1, ನಾನು 1-4. ಈಗ ಎರಡೂ ತುದಿ ನಾಲ್ಕು. ನಾನು ಕಾಣದ ನಾಲ್ಕು ಒಂದೇ, 4-0. ಅವನು ಎತ್ತತೊಡಗಿದ, ಮೂರನೆಯದಕ್ಕೇ ಅದು ಸಿಕ್ಕಿತು, ನನ್ನ ದುರದೃಷ್ಟ. 4-0 ಇಟ್ಟ. ನಾನು 4-3, ಅವನು 0-2, ನಾನು 2-4, ಅವನು 3-5. ತುದಿಗಳು 4 ಮತ್ತು 5. ಕೈಯಲ್ಲಿ 4-5 ಇದೆ. ನಾಲ್ಕಕ್ಕೆ ಸೇರಿಸಿದರೆ ಎರಡೂ ತುದಿ ಐದಾಗಿ ಆಟ ಮುಂದುವರಿಯುತ್ತದೆ. ಐದಕ್ಕೆ ಸೇರಿಸಿದೆ. ಎರಡೂ ತುದಿ ನಾಲ್ಕು, ಏಳೂ ನಾಲ್ಕು ಮೇಜಿನ ಮೇಲೆ, ಆಟ ಕಟ್ಟಿತು. ಆದರೆ ಅವನು ಎತ್ತಲೇಬೇಕು! ರಾಶಿಯಲ್ಲಿದ್ದ 11ರಲ್ಲಿ 9 ಎತ್ತಿದ, ಒಂದೂ ಹೊಂದಲಿಲ್ಲ. ಇಡೀ ಸೆಟ್ಟಿನ ಚುಕ್ಕಿ 168. ಸಾಲಿನಲ್ಲಿ 66, ನನ್ನ ಕೈಯಲ್ಲಿ 4, ಮಿಕ್ಕ 98ರಲ್ಲಿ ರಾಶಿಯ ಕೊನೆಯ ಎರಡು ಕಾಯಿಯದ್ದು ಕಳೆದರೆ ಪೂರ್ತಿ ಅವನ ತಲೆಗೆ. ಆ ಎರಡು 6-6, 6-5 ಆಗಿದ್ದರೂ ಅವನ ಕೈಯಲ್ಲಿ 75ಕ್ಕೆ ಕಡಿಮೆ ಇರಲು ಸಾಧ್ಯವಿಲ್ಲ. ಒಂದೇ ಸುತ್ತಿಗೆ 71 ಅಥವಾ ಮೇಲೆ. ಭಾರದ ಕಾಯಿ ಮೊದಲು ಅನ್ನುವವರಿಗೆ ಇದು ಸಿಗುವುದಿಲ್ಲ, 4-6 ಆದಮೇಲೆ 4-5 ಕಳೆದುಕೊಂಡಿರುತ್ತಾರೆ.

ಎಡವಿದ ಕಡೆಗಳೂ ಬೇಕಾದಷ್ಟಿವೆ. ಮೊದಮೊದಲು ಕಟ್ಟುವ ಅವಕಾಶ ಕಂಡ ಕೂಡಲೇ ಕಟ್ಟಿಬಿಡುತ್ತಿದ್ದೆ. ರಾಶಿ ಮುಗಿದಿದೆ, ನನ್ನ ಕೈಯಲ್ಲಿ 6-5, 6-3, ಅಂದರೆ 20. ಅವನ ಕೈಯಲ್ಲೂ ಎರಡೇ ಕಾಯಿ. ಒಂದು ಕಾಯಿಗೆ ಸರಾಸರಿ 6 ಚುಕ್ಕಿ, ಹಾಗಾಗಿ ಅವನ ಹತ್ತಿರ 12ರ ಆಸುಪಾಸು ಇರುತ್ತದೆ. ಕಟ್ಟಿದ್ದು ನಾನು, ಚುಕ್ಕಿ ಸಿಕ್ಕಿದ್ದು ಅವನಿಗೆ. ಕಟ್ಟುವ ಮೊದಲು ಅವನ ಕಾಯಿ ಎಷ್ಟಿದೆಯೋ ಅದರ ಆರು ಪಟ್ಟು ಹಿಡಿದು, ನನ್ನದು ಅದಕ್ಕಿಂತ ನಾಲ್ಕೈದಾದರೂ ಕಡಿಮೆ ಇದ್ದರೆ ಮಾತ್ರ ಕಟ್ಟುತ್ತೇನೆ.

ದುಡ್ಡು ಕಟ್ಟಿ ಆಡುವವರಿಗೆ ಇದು ಇನ್ನೂ ಮುಖ್ಯ. ಚುಕ್ಕಿಗೆ ಇಷ್ಟು ಎಂದು ಪಣ ಇದ್ದಾಗ ಎಷ್ಟು ಸುತ್ತು ಗೆದ್ದಿರಿ ಅನ್ನುವುದಕ್ಕೆ ಬೆಲೆಯಿಲ್ಲ. ಎಂಟೆಂಟು ಚುಕ್ಕಿಯಂತೆ ಐದು ಸುತ್ತು ಗೆದ್ದು, ಆರನೆಯದರಲ್ಲಿ ಐವತ್ತು ಕೊಟ್ಟು ಎದ್ದು ಬಂದದ್ದುಂಟು. ಪಣವಿದ್ದ ದಿನ ರಾಶಿಯಲ್ಲಿ ಆರೇಳು ಕಾಯಿ ಉಳಿದಿರುವಾಗ ನನ್ನನ್ನೇ ಎತ್ತಿಸುವಂಥ ತುದಿ ಬಿಡುವುದಿಲ್ಲ, ಚಿಕ್ಕ ಗೆಲುವು ತಪ್ಪಿದರೂ ಸರಿ.

ಡಬಲ್‌ನ ಕಥೆ ಬೇರೆ. ಏಳನೆಯ ಕಾಯಿ ಡಬಲ್ ಆಗಿ ಉಳಿದರೆ ಮೇಜಿನ ಮೇಲಿನ ಮುಖ 6, ಸಮ. ಎರಡೂ ತುದಿ ಅದೇ ಅಂಕಿ ಇರುತ್ತದೆ, ಇಲ್ಲವೇ ಒಂದೂ ಇರುವುದಿಲ್ಲ. ಒಂದೂ ಇಲ್ಲದಿದ್ದರೆ ಆ ಡಬಲ್ ಸತ್ತಂತೆ, ಕೊನೆಯವರೆಗೂ ಕೈಯಲ್ಲೇ ಕೊಳೆಯುತ್ತದೆ. ಹಾಗಾಗಿ ನನ್ನ ಡಬಲ್‌ನ ಅಂಕಿ ನಾಲ್ಕು ಕಾಯಿ ಇಳಿದಾಗಲೇ ಅದನ್ನು ಕಳಚುತ್ತೇನೆ, ಐದಕ್ಕೆ ಕಾಯುವುದಿಲ್ಲ. ಒಂದೂ ಡಬಲ್ ಇಲ್ಲದ ಕೈ ಹತ್ತಕ್ಕೆ ಒಂದು ಸಲ ಬರುತ್ತದೆ. ಯಾವುದೋ ಒಂದು ನಿರ್ದಿಷ್ಟ ಅಂಕಿ ಪೂರ್ತಿ ಇಲ್ಲದ ಕೈಯೂ ಅಷ್ಟೇ ಸಲ.

ಎದುರಾಳಿ ಎತ್ತುವುದನ್ನು ನೋಡದೆ ಎಣಿಸಿ ಉಪಯೋಗವಿಲ್ಲ. ತುದಿ 3 ಮತ್ತು 5 ಇದ್ದಾಗ ಅವನು ನಾಲ್ಕು ಎತ್ತಿ ನಾಲ್ಕನೆಯದನ್ನು ಇಟ್ಟರೆ, ಅವನ ಕೈಯಲ್ಲಿ ಉಳಿದ ಯಾವ ಕಾಯಿಯಲ್ಲೂ 3 ಇಲ್ಲ, 5 ಇಲ್ಲ. ಮುಂದಿನ ಸಲವೂ ಅದೇ ತುದಿ ಬಿಡಿ. ಕಾಯಿ ಇದ್ದೂ ಎತ್ತಬಹುದು ಅನ್ನುವ ನಿಯಮದಲ್ಲಿ ಮಾತ್ರ ಇದು ಕೈಕೊಡುತ್ತದೆ. ಮೊದಲ ಮೂರು ನಡೆಯಲ್ಲಿ ಯಾವ ತುದಿ ಬಿಟ್ಟು ಅವನ ಕೈ ಪರೀಕ್ಷಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಆಡುವವರೂ ಇದನ್ನು ಓದುತ್ತಾರೆ.

ಕಾಯಿಯ ಬಗ್ಗೆ ಒಂದು ಮಾತು. ತೆಳು ಪ್ಲಾಸ್ಟಿಕ್ ಕಾಯಿ ನಿಲ್ಲುವುದಿಲ್ಲ, ಮುಗ್ಗರಿಸಿ ಮುಖ ತೋರಿಸಿಬಿಡುತ್ತದೆ. ಮರದ ಕಾಯಿಯ ಬೆನ್ನಿನ ಗೆರೆ ಹತ್ತಿಪ್ಪತ್ತು ಸುತ್ತಿಗೆ ಗುರುತು ಸಿಕ್ಕಿಬಿಡುತ್ತದೆ; ಹಾಗಾದ ಸೆಟ್ಟಿನಲ್ಲಿ ಪಣ ಬೇಡ. ಕಾಸು ಹೆಚ್ಚಾದರೂ ದಪ್ಪನೆಯ, ನಡುವೆ ಲೋಹದ ಮೊಳೆ ಇರುವ ಸೆಟ್ ತೆಗೆದುಕೊಳ್ಳಿ, ಕಲೆಸುವಾಗ ಮುಖ ಉಜ್ಜಿಹೋಗುವುದಿಲ್ಲ.

ಇದೇ ಲೆಕ್ಕವನ್ನು ಡಬಲ್ ನೈನ್ ಸೆಟ್ಟಿಗೆ ಹಾಕಿ ಪೆಟ್ಟು ತಿಂದೆ. ಅಲ್ಲಿ 55 ಕಾಯಿ, ಅಂಕಿಗೆ 10 ಕಾಯಿ, ಮುಖ 11, ಬೆಸ. ಎಲ್ಲ ಉಲ್ಟಾ. ಸಿಕ್ಸ್ ಸೆಟ್ಟಿನ 28ನ್ನೂ ಒಂದೇ ಸಾಲಿಗೆ ಜೋಡಿಸಿದರೆ ಎರಡು ತುದಿಯೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ, ನೈನ್ ಸೆಟ್ಟನ್ನು ಒಂದು ಸಾಲಿಗೆ ಪೂರ್ತಿ ಜೋಡಿಸಲಿಕ್ಕೇ ಆಗುವುದಿಲ್ಲ. ಒಂದು ಸಂಜೆ ಕೂತು ಹೆಣಗಾಡಿದ ಮೇಲೆ ಹೊಳೆಯಿತು. ಅಲ್ಲಿ ಕೊನೆಗೆ ಉಳಿದ ಸಾದಾ ಕಾಯಿಗೆ ತುದಿಯ ಭರವಸೆ ಇಲ್ಲ, ಕೊನೆಗೆ ಉಳಿದ ಡಬಲ್‌ಗೆ ಇದೆ: ಮುಖ 9 ಮೇಜಿನ ಮೇಲೆ, ಒಂದು ತುದಿ ಅದರದ್ದೇ. ಹಾಗಾಗಿ ನೈನ್ ಸೆಟ್ಟಿನಲ್ಲಿ ಡಬಲ್ ಕಳಚುವ ಆತುರ ನನಗಿಲ್ಲ. ಡಬಲ್ ಟ್ವೆಲ್ವ್‌ನಲ್ಲಿ ಅಂಕಿಗೆ 13 ಕಾಯಿ, ಮುಖ 14, ಮತ್ತೆ ಸಿಕ್ಸ್ ಸೆಟ್ಟಿನ ಲೆಕ್ಕವೇ. ಆದರೆ 91 ಕಾಯಿ ನೆನಪಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ, ಮೂರು ಅಂಕಿ ಆರಿಸಿಕೊಂಡು ಅವನ್ನಷ್ಟೇ ಎಣಿಸುತ್ತೇನೆ.