ಒಂದು ವಾಸನೆಯ ಜಾಡು ಹಿಡಿದು ಹೊಸ ವೈನ್‌ಗಳ ಕಡೆಗೆ

ವರ್ಷಗಟ್ಟಲೆ ನನ್ನದು ಒಂದೇ ವೈನ್: ನ್ಯೂಜಿಲೆಂಡಿನ ಮಾರ್ಲ್‌ಬರೋ ಕಡೆಯ, ಸೊವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್. ಬೇಜಾರೇನೂ ಬಂದಿರಲಿಲ್ಲ, ಸುಮ್ನೆ ಬೇರೆಯದನ್ನೂ ನೋಡೋಣ ಅನ್ನಿಸಿತು. ಕೇಳಿದರೆ ಎಲ್ಲರೂ 'ಯಾವುದಾದ್ರೂ ಹೊಸದು ಕುಡಿದು ನೋಡು' ಅಂತಾರೆ. ವೈನ್ ಮಾಡುವ ದ್ರಾಕ್ಷಿ ತಳಿಗಳೇ ಸಾವಿರಕ್ಕೂ ಹೆಚ್ಚಿವೆ. ಯಾವುದು ಅಂತ ಹುಡುಕೋದು?

ಹಾಗಾಗಿ ಹೊಸ ಬಾಟಲಿ ಕೊಳ್ಳುವ ಮೊದಲು ಹಳೆಯದನ್ನೇ ಗಮನವಿಟ್ಟು ಕುಡಿದೆ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟೆ. ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಮೂಗಿಗೆ ಮೊದಲು ಬಂದಿದ್ದು ಆಗಷ್ಟೇ ಕೊಯ್ದ ಹುಲ್ಲು, ಹಸಿ ದೊಣ್ಣೆಮೆಣಸಿನಕಾಯಿ. ಅದರ ಹಿಂದೆಯೇ ಪ್ಯಾಶನ್ ಫ್ರೂಟ್. ಬಾಯಲ್ಲಿ ಚುರುಕಾದ ಹುಳಿ, ನುಂಗಿದ ಮೇಲೂ ನೀರೂರಿಸುವಂಥದ್ದು. ಚೀಟಿಯಲ್ಲಿ ಬರೆದಿಟ್ಟುಕೊಂಡೆ: ಹಸಿರು ವಾಸನೆ ಬೇಕು, ಹುಳಿ ಬೇಕು, ಸಿಹಿ ಬೇಡ, ಒಗರು ಬೇಡ.

ಈ ಹಸಿರು ವಾಸನೆಗೆ ಪೈರಜೀನ್ ಎಂಬ ಅಂಶ ಕಾರಣ. ಅದು ದ್ರಾಕ್ಷಿಯಲ್ಲೇ ಇರುತ್ತದೆ. ಹಣ್ಣು ಮಾಗಿದಷ್ಟೂ, ಬಿಸಿಲು ಬಿದ್ದಷ್ಟೂ ಕಡಿಮೆಯಾಗುತ್ತದೆ. ಅಂದರೆ ನಾನು ಹುಡುಕಬೇಕಾದದ್ದು ತಂಪು ಸೀಮೆಯ ವೈನ್‌ಗಳನ್ನು.

ಮೊದಲು ದ್ರಾಕ್ಷಿ ಬದಲಿಸಲಿಲ್ಲ, ಊರು ಬದಲಿಸಿದೆ. ಫ್ರಾನ್ಸಿನ ಲುವಾರ್ ಕಣಿವೆಯ ಸಾನ್ಸೇರ್ ತಂದೆ. ಅಲ್ಲಿನ ಬಿಳಿ ವೈನೂ ಸೊವಿನ್ಯೋನ್ ಬ್ಲಾಂಕ್‌ನದೇ, ಆದರೆ ಲೇಬಲ್ ಮೇಲೆ ಸಾಮಾನ್ಯವಾಗಿ ಊರಿನ ಹೆಸರು ಎದ್ದು ಕಾಣುತ್ತದೆ, ದ್ರಾಕ್ಷಿಯದಲ್ಲ. ಎರಡನ್ನೂ ಪಕ್ಕಪಕ್ಕದ ಗ್ಲಾಸ್‌ಗಳಲ್ಲಿ ಒಂದೊಂದು ಗುಟುಕಿನಷ್ಟು ಸುರಿದುಕೊಂಡೆ. ನೆನಪನ್ನು ನಂಬಿ ಹೋಲಿಸುವ ಕೆಲಸ ಆಗುವುದಿಲ್ಲ ಬಿಡಿ. ಹುಳಿ ಅದೇ ಇತ್ತು. ಹಣ್ಣಿನ ಅಬ್ಬರ ಇರಲಿಲ್ಲ, ಕೊನೆಯಲ್ಲಿ ಒದ್ದೆ ಕಲ್ಲಿನಂಥ ಒಂದು ರುಚಿ.

ಆಮೇಲೆ ದ್ರಾಕ್ಷಿಯನ್ನೂ ಬದಲಿಸಿದೆ. ಸ್ಪೇನಿನ ರುಯೇದಾ ಕಡೆಯ ವೆರ್ದೆಹೋ, ಆಸ್ಟ್ರಿಯಾದ ಗ್ರೂನರ್ ವೆಲ್ಟ್‌ಲೀನರ್. ಎರಡೂ ಒಗ್ಗಿದವು. ಗ್ರೂನರ್‌ನಲ್ಲಿ ಬಿಳಿ ಮೆಣಸಿನ ಘಾಟು ಇತ್ತು, ಅದು ಲಾಭಕ್ಕೆ ಸಿಕ್ಕಿದ್ದು. ಓಕ್ ಪೀಪಾಯಿಯಲ್ಲಿ ಇಟ್ಟ ಶಾರ್ಡೊನೇ ಮಾತ್ರ ನನಗಲ್ಲ. ಬೆಣ್ಣೆ, ವೆನಿಲಾ, ಸಾಕಪ್ಪಾ ಅನ್ನಿಸಿತು.

ಇಷ್ಟಾದ ಮೇಲೆ ರೆಡ್ ವೈನ್. 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬಿದ್ದ ಒಂದು ಸಂಗತಿ ಇಲ್ಲಿ ನೆರವಾಯಿತು: ಕ್ಯಾಬರ್ನೆ ಸೊವಿನ್ಯೋನ್ ಎಂಬ ಹೆಸರಾಂತ ಕೆಂಪು ತಳಿ ಹುಟ್ಟಿದ್ದೇ ಕ್ಯಾಬರ್ನೆ ಫ್ರಾಂಕ್ ಮತ್ತು ನನ್ನ ಸೊವಿನ್ಯೋನ್ ಬ್ಲಾಂಕ್ ಕೂಡಿ! ಪೈರಜೀನ್ ಈ ಮನೆತನದ ಗುಣ. ಮಗಳಲ್ಲಿ ಒಗರು ಜಾಸ್ತಿ, ಅದಕ್ಕೇ ಕ್ಯಾಬರ್ನೆ ಫ್ರಾಂಕ್ ಹಿಡಿದೆ. ಲುವಾರ್ ಕಣಿವೆಯದೇ, ಶಿನೋನ್ ಎಂಬ ಊರಿನದು. 14 ಡಿಗ್ರಿಯ ಆಸುಪಾಸಿಗೆ ತಣ್ಣಗೆ ಮಾಡಿ ಗ್ಲಾಸ್ ಎತ್ತಿದರೆ ಅದೇ ದೊಣ್ಣೆಮೆಣಸಿನಕಾಯಿ, ಜೊತೆಗೆ ರಾಸ್ಪ್‌ಬೆರಿ. ಬಣ್ಣ ನೋಡದೆ ಮೂಸಿದ್ದರೆ ಪರಿಚಯದ್ದೇ ಅಂದುಬಿಡುತ್ತಿದ್ದೆ. ಚೀಟಿಯಲ್ಲಿ 'ಒಗರು ಬೇಡ' ಹೊಡೆದುಹಾಕಿ 'ಜಾಸ್ತಿ ಒಗರು ಬೇಡ' ಅಂತ ಬರೆದೆ.

ಅದೇ ಜಾಡಿನಲ್ಲಿ ಚಿಲಿಯ ಕಾರ್ಮೆನೇರ್ ಎಂಬ ಕೆಂಪು ತಳಿಗೂ ಹೋದೆ. 1994ರವರೆಗೆ ಅಲ್ಲಿ ಇದನ್ನು ಮೆರ್ಲೋ ಎಂಬ ಬೇರೆ ತಳಿ ಅಂತಲೇ ತಿಳಿದು ಬೆಳೆಯುತ್ತಿದ್ದರಂತೆ. ಹಸಿರು ವಾಸನೆ ಧಾರಾಳವಾಗಿತ್ತು. ಆದರೂ ಅರ್ಧ ಗ್ಲಾಸಿಗೇ ಸಾಕಾಯಿತು, ಏಕೆಂದರೆ ಹುಳಿ ಕಡಿಮೆ. ಇಷ್ಟು ದಿನ ವಾಸನೆಯ ಬೆನ್ನು ಬಿದ್ದಿದ್ದ ನನಗೆ ಅಸಲಿಗೆ ಬೇಕಿದ್ದದ್ದು ಹುಳಿ ಅಂತ ಗೊತ್ತಾಗಿದ್ದು ಆಗಲೇ. ಈಗ ಹುಳಿಗೇ ಹೆಸರಾದ ಜರ್ಮನಿಯ ರೀಸ್ಲಿಂಗ್ ತಂದಿಟ್ಟಿದ್ದೇನೆ. ಅದರಲ್ಲಿ ಸಿಹಿಯವೂ ಇರುತ್ತವೆ, ಅದಕ್ಕೆ ಲೇಬಲ್ ಮೇಲೆ 'ಟ್ರೋಕನ್', ಅಂದರೆ ಸಿಹಿಯಿಲ್ಲದ್ದು, ಅಂತ ಇರುವುದನ್ನೇ ನೋಡಿ ಆರಿಸಿದೆ.