ವಿಂಡೋಗೆ ಒಂದೇ ಪ್ರಾಜೆಕ್ಟ್, ಟ್ಯಾಬ್ ಐದೇ: ವಿಎಸ್ ಕೋಡ್ ಒಪ್ಪಮಾಡಿಕೊಳ್ಳುವ ಬಗೆ

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಡಿಕೆ ವ್ಯಾಪಾರಿಯೊಬ್ಬರು ಫೋನ್ ಮಾಡಿ, "ಏನಮ್ಮಾ ಇದು, ಅಡಿಕೆ ಎಂದಾದರೂ ಮೀಟರ್‌ನಲ್ಲಿ ತೂಗಿದ್ದುಂಟಾ?" ಎಂದು ಕೇಳಿದರು. ಅವರ ಮಂಡಿಗೆ ನಾನೇ ಬರೆದುಕೊಟ್ಟಿದ್ದ ಬಿಲ್ಲಿನ ಪ್ರೋಗ್ರಾಮ್, ಕ್ವಿಂಟಲ್ ಎಂದಿರಬೇಕಾದ ಕಡೆ ಮೀಟರ್ ಎಂದು ಅಚ್ಚು ಹಾಕುತ್ತಿತ್ತು. ಆಗ ಒಂದು ಬಟ್ಟೆ ಅಂಗಡಿಯ ಕೆಲಸವೂ ನನ್ನ ಕೈಯಲ್ಲಿತ್ತು. ಎರಡು ಪ್ರಾಜೆಕ್ಟಿನಲ್ಲೂ ಕನ್ನಡ ಪದಗಳಿರುವ ಫೈಲಿಗೆ ಒಂದೇ ಹೆಸರು, 'ಕೆಎನ್ ಡಾಟ್ ಜೇಸನ್'. ಎರಡೂ ಒಂದೇ ವಿಂಡೋದಲ್ಲಿ ತೆರೆದಿದ್ದವು. ಟ್ಯಾಬ್ ಎಣಿಸಿ ನೋಡಿದೆ: 23. ಎಡಿಟರ್ ಫೈಲಿನ ಹೆಸರಿನ ಪಕ್ಕ ಫೋಲ್ಡರ್ ಹೆಸರನ್ನು ಮಸುಕಾದ ಅಕ್ಷರದಲ್ಲಿ ತೋರಿಸಿಯೇ ಇತ್ತು. ಅಷ್ಟು ಟ್ಯಾಬ್‌ಗಳ ಸಂದಣಿಯಲ್ಲಿ ನನ್ನ ಕಣ್ಣು ಅಲ್ಲಿಗೆ ಹೋಗದೆ, ಬಟ್ಟೆ ಅಂಗಡಿಗೆ ಬರೆಯಬೇಕಾದ್ದನ್ನು ಅಡಿಕೆಯ ಫೈಲಿಗೆ ಬರೆದುಬಿಟ್ಟಿದ್ದೆ.

ಅಂದು ಬಿಲ್ ಸರಿಮಾಡಿಕೊಟ್ಟು, ಮಾರನೆಯ ದಿನ ನನ್ನ ಎಡಿಟರ್, ಅಂದರೆ ಪ್ರೋಗ್ರಾಮ್ ಬರೆಯಲು ಬಳಸುವ ವಿಎಸ್ ಕೋಡ್ ತಂತ್ರಾಂಶದ ವ್ಯವಸ್ಥೆಯನ್ನೇ ಬುಡದಿಂದ ಬದಲಾಯಿಸಿದೆ. ಇಲ್ಲಿ ಬರೆದಿರುವುದು ಅದನ್ನೇ. ಹೇಳುವ ಕೀಲಿಗಳು ವಿಂಡೋಸ್ ಮತ್ತು ಲಿನಕ್ಸ್‌ನವು.

ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ನಾವು ಟ್ಯಾಬನ್ನು ನೆನಪಿನ ಚೀಟಿಯ ಹಾಗೆ ಬಳಸುತ್ತೇವೆ. "ಆಮೇಲೆ ಬೇಕಾಗಬಹುದು" ಎಂದು ತೆರೆದೇ ಇಡುತ್ತೇವೆ. ಆಮೇಲೆ ಬೇಕಾದಾಗ ಆ ಸಾಲಿನಲ್ಲಿ ಹುಡುಕುವುದಕ್ಕಿಂತ ಫೈಲನ್ನು ಹೆಸರು ಹೇಳಿ ಕರೆಯುವುದೇ ಬೇಗ. ವಿಎಸ್ ಕೋಡ್ 2015ರಲ್ಲಿ ಹೊರಬಂದಾಗ ಅದರಲ್ಲಿ ಟ್ಯಾಬ್‌ಗಳೇ ಇರಲಿಲ್ಲ. 2016ರ ಜೂನ್ ಆವೃತ್ತಿಯಲ್ಲಿ ಸೇರಿದವು. ವಿಮ್ ಎಂಬ ಇನ್ನೊಂದು ಎಡಿಟರಿಗೆ ಟ್ಯಾಬ್ ಬಂದದ್ದು 2006ರ 7.0 ಆವೃತ್ತಿಯಲ್ಲಿ. ಅಲ್ಲಿ ಟ್ಯಾಬ್ ಎಂದರೆ ಒಂದು ಫೈಲಲ್ಲ, ಹಲವು ವಿಂಡೋಗಳ (ಪರದೆಯ ಭಾಗಗಳ) ಒಂದು ಜೋಡಣೆ. ಈ ವ್ಯತ್ಯಾಸ ತಿಳಿದ ಮೇಲೆ ನನಗೆ ದಾರಿ ಸಿಕ್ಕಿತು. ಪ್ರಾಜೆಕ್ಟಿಗೊಂದು ವಿಂಡೋ, ಜೊತೆಜೊತೆಗೆ ನೋಡಬೇಕಾದ್ದಕ್ಕೆ ಎಡಿಟರ್ ಗ್ರೂಪ್ (ಒಂದೇ ವಿಂಡೋವನ್ನು ಸೀಳಿ ಮಾಡಿದ ಭಾಗ), ಈಗ ಕೈ ಇಟ್ಟಿರುವ ಫೈಲಿಗೆ ಮಾತ್ರ ಟ್ಯಾಬ್.

ವಿಂಡೋದಿಂದ ಶುರುಮಾಡಿ. ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಪ್ರಾಜೆಕ್ಟಿನ ಫೋಲ್ಡರ್ ತೆರೆದು, ಫೈಲ್ ಮೆನುವಿನಲ್ಲಿ 'ಸೇವ್ ವರ್ಕ್‌ಸ್ಪೇಸ್ ಆ್ಯಸ್' ಒತ್ತಿ, ಒಂದು ವರ್ಕ್‌ಸ್ಪೇಸ್ ಫೈಲ್ (ಆ ಪ್ರಾಜೆಕ್ಟಿನ ಫೋಲ್ಡರ್ ಯಾವುದು, ಸೆಟ್ಟಿಂಗ್ ಏನು ಎಂದು ಬರೆದಿಡುವ ಫೈಲ್) ಮಾಡಿಕೊಳ್ಳಿ. ಅದನ್ನು ಪ್ರಾಜೆಕ್ಟಿನ ಒಳಗೆ ಇಡಬೇಡಿ. ನಾನು 'ಕೆಲಸಗಳು' ಎಂದೊಂದು ಫೋಲ್ಡರ್ ಮಾಡಿ, ಎಲ್ಲ ಪ್ರಾಜೆಕ್ಟಿನ ವರ್ಕ್‌ಸ್ಪೇಸ್ ಫೈಲುಗಳನ್ನು ಅಲ್ಲೇ ಇಟ್ಟಿದ್ದೇನೆ. ಹೀಗೆ ಮಾಡಿದರೆ ನಿಮ್ಮ ಬಣ್ಣ, ನಿಮ್ಮ ಅಭ್ಯಾಸಗಳು ಗಿಟ್ (ಕೋಡ್ ಹಂಚಿಕೊಳ್ಳುವ ಸಾಧನ) ಮೂಲಕ ಜೊತೆಗಾರರ ಕಂಪ್ಯೂಟರಿಗೆ ಹೋಗುವುದಿಲ್ಲ. ಇನ್ನು ಮುಂದೆ ಫೋಲ್ಡರ್ ಬದಲು ಈ ಫೈಲನ್ನೇ ತೆರೆಯಿರಿ.

ಈಗ ಬಣ್ಣ. ಕಂಟ್ರೋಲ್-ಶಿಫ್ಟ್-ಪಿ ಒತ್ತಿ 'ಓಪನ್ ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್' ಎಂದು ಟೈಪ್ ಮಾಡಿ, ಜೇಸನ್ ಎಂದಿರುವುದನ್ನು ಆರಿಸಿ. ಅಲ್ಲಿ 'ವರ್ಕ್‌ಬೆಂಚ್ ಡಾಟ್ ಕಲರ್‌ಕಸ್ಟಮೈಸೇಶನ್ಸ್' ಎಂಬುದರ ಒಳಗೆ 'ಸ್ಟೇಟಸ್‌ಬಾರ್ ಡಾಟ್ ಬ್ಯಾಕ್‌ಗ್ರೌಂಡ್' ಎಂದು ಬರೆದು ಬಣ್ಣದ ಸಂಖ್ಯೆ ಕೊಡಿ. ಸ್ಟೇಟಸ್‌ಬಾರ್ ಎಂದರೆ ವಿಂಡೋದ ತಳದಲ್ಲಿರುವ ಪಟ್ಟಿ. ನನ್ನ ಅಡಿಕೆ ಪ್ರಾಜೆಕ್ಟಿಗೆ #804020, ಒಣಗಿದ ಅಡಿಕೆಯದೇ ಕಂದು. ಬಟ್ಟೆ ಅಂಗಡಿಗೆ #006080, ನೀಲಿ. ಸ್ವಂತ ಟಿಪ್ಪಣಿಗಳಿಗೆ #306030, ಹಸಿರು. ಪಟ್ಟಿಯ ಮೇಲಿನ ಅಕ್ಷರ ಮಬ್ಬಾದರೆ 'ಸ್ಟೇಟಸ್‌ಬಾರ್ ಡಾಟ್ ಫೋರ್‌ಗ್ರೌಂಡ್' ಸೇರಿಸಿ ಬಿಳಿ ಕೊಡಿ. ಡೀಬಗ್ (ಪ್ರೋಗ್ರಾಮಿನ ತಪ್ಪು ಹುಡುಕುವ ಕೆಲಸ) ನಡೆಯುವಾಗ ಆ ಪಟ್ಟಿಗೆ ಬೇರೆ ಬಣ್ಣ ಬರುತ್ತದೆ, ಗಾಬರಿ ಬೇಡ. ಹೆಸರು ಓದುವುದಕ್ಕೆ ಮೊದಲೇ ಕಣ್ಣಿಗೆ ಬಣ್ಣ ತಿಳಿಯುತ್ತದೆ. ಕಂದು ಪಟ್ಟಿ ಕಂಡ ವಿಂಡೋದಲ್ಲಿ ನಾನು ಮತ್ತೆ ಯಾವತ್ತೂ ಮೀಟರ್ ಎಂದು ಬರೆದಿಲ್ಲ.

ಇದರ ಜೊತೆಗೆ 'ವಿಂಡೋ ಡಾಟ್ ಟೈಟಲ್' ಸೆಟ್ಟಿಂಗ್‌ನಲ್ಲಿ 'ರೂಟ್‌ನೇಮ್', ಅಂದರೆ ಪ್ರಾಜೆಕ್ಟಿನ ಹೆಸರನ್ನು ಮೊದಲಿಗೆ ತನ್ನಿ. ಮೊದಲಿದ್ದ ಹಾಗೆ ಬಿಟ್ಟರೆ ಫೈಲಿನ ಹೆಸರು ಮುಂದೆ, ಪ್ರಾಜೆಕ್ಟಿನ ಹೆಸರು ಹಿಂದೆ ಬರುತ್ತದೆ. ಟಾಸ್ಕ್‌ಬಾರಿನಲ್ಲಿ ಜಾಗ ಸಾಲದೆ ಹಿಂದಿನದೇ ಕತ್ತರಿಸಿಹೋಗುತ್ತದೆ.

ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹೋಗಲು ಕಂಟ್ರೋಲ್-ಆರ್. ಪಟ್ಟಿಯಲ್ಲಿ ಹೆಸರು ಆರಿಸಿ ಬರೇ ಎಂಟರ್ ಒತ್ತಿದರೆ ಇದೇ ವಿಂಡೋದಲ್ಲಿ ತೆರೆಯುತ್ತದೆ, ಕಂಟ್ರೋಲ್-ಎಂಟರ್ ಒತ್ತಿದರೆ ಹೊಸದರಲ್ಲಿ. ಎರಡನೆಯದನ್ನೇ ಬೆರಳಿಗೆ ರೂಢಿಮಾಡಿಸಿ.

ಇನ್ನು ಟ್ಯಾಬ್. ಸೆಟ್ಟಿಂಗ್ಸ್‌ನಲ್ಲಿ 'ಎಡಿಟರ್ ಲಿಮಿಟ್' ಎಂದು ಹುಡುಕಿದರೆ ಮಿತಿ ಹಾಕುವ ಸೌಲಭ್ಯ ಸಿಗುತ್ತದೆ. ತಾನಾಗಿ ಚಾಲೂ ಇರುವುದಿಲ್ಲ, ನಾವೇ ಟಿಕ್ ಹಾಕಬೇಕು. ಸಂಖ್ಯೆ 10 ಎಂದಿರುತ್ತದೆ. 5 ಮಾಡಿ, 'ಪರ್ ಎಡಿಟರ್ ಗ್ರೂಪ್' ಎಂಬುದಕ್ಕೂ ಟಿಕ್ ಹಾಕಿ. ಆರನೆಯ ಫೈಲ್ ತೆರೆದಾಗ ಬಹಳ ಹೊತ್ತಿನಿಂದ ಮುಟ್ಟದೇ ಬಿಟ್ಟದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ಸೇವ್ ಮಾಡದ ಫೈಲನ್ನು ಅದು ಮುಟ್ಟುವುದಿಲ್ಲ. ಮೊದಲ ಎರಡು ದಿನ ಕಷ್ಟವೇ. ಯಾವುದೋ ಫೈಲ್ ಮಾಯವಾದಂತೆ ಅನ್ನಿಸಿ ನಾನು ಎರಡು ಸಲ ಮಿತಿ ತೆಗೆದು, ಮತ್ತೆ ಹಾಕಿದೆ. ನಾಲ್ಕನೆಯ ದಿನಕ್ಕೆ ಕಂಟ್ರೋಲ್-ಪಿ ಒತ್ತಿ ಹೆಸರಿನ ಮೂರು ಅಕ್ಷರ ಹೊಡೆದು ಫೈಲ್ ತೆರೆಯುವುದು ಕೈಗೆ ಬಂತು. ತಪ್ಪಿ ಮುಚ್ಚಿದ್ದನ್ನು ಕಂಟ್ರೋಲ್-ಶಿಫ್ಟ್-ಟಿ ವಾಪಸು ತರುತ್ತದೆ.

ಎಡಗಡೆಯ ಪಟ್ಟಿಯಲ್ಲಿ ಫೈಲನ್ನು ಒಂದು ಸಲ ಕ್ಲಿಕ್ ಮಾಡಿದರೆ ಟ್ಯಾಬಿನ ಹೆಸರು ಓರೆ ಅಕ್ಷರದಲ್ಲಿ ಬರುತ್ತದೆ, ನೋಡಿದ್ದೀರಾ? ಅದು ಇಣುಕುನೋಟ. ಮುಂದಿನ ಫೈಲ್ ಕ್ಲಿಕ್ ಮಾಡಿದ ಕೂಡಲೇ ಅದೇ ಜಾಗಕ್ಕೆ ಹೊಸದು ಬರುತ್ತದೆ. ಎರಡು ಸಲ ಕ್ಲಿಕ್ ಮಾಡಿದರೆ ಅಥವಾ ಏನಾದರೂ ತಿದ್ದಿದರೆ ಮಾತ್ರ ಟ್ಯಾಬ್ ನೆಲೆ ನಿಲ್ಲುತ್ತದೆ. ಕಿರಿಕಿರಿ ಎಂದು ಹಲವರು ಇದನ್ನು ಆಫ್ ಮಾಡುತ್ತಾರೆ. ದಯವಿಟ್ಟು ಬಿಟ್ಟಿರಿ. ಹತ್ತು ಫೈಲ್ ಓದಿದರೂ ಟ್ಯಾಬ್ ಒಂದೇ ಇರುವುದು ಇದರಿಂದಲೇ.

ದಿನವಿಡೀ ಬೇಕಾದ ಫೈಲ್ ಒಂದಿದ್ದರೆ ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿ ಪಿನ್ ಮಾಡಿ. ಅದು ಸಾಲಿನ ಮೊದಲಿಗೆ ಹೋಗಿ ನಿಲ್ಲುತ್ತದೆ, ಮಿತಿ ಮೀರಿದಾಗಲೂ ಮುಚ್ಚುವುದಿಲ್ಲ, ಕಂಟ್ರೋಲ್-ಡಬ್ಲ್ಯೂಗೂ ಜಗ್ಗುವುದಿಲ್ಲ. ಒಂದು, ಹೆಚ್ಚೆಂದರೆ ಎರಡು ಸಾಕು.

ಗ್ರೂಪಿನ ಬಗ್ಗೆ ನನ್ನ ನಿತ್ಯದ ಕೆಲಸವನ್ನೇ ಹೇಳುತ್ತೇನೆ. ಇಂಗ್ಲಿಷ್ ಪದಗಳ ಫೈಲ್ ಎಡಕ್ಕೆ, ಕನ್ನಡದ್ದು ಬಲಕ್ಕೆ. ಕಂಟ್ರೋಲ್ ಜೊತೆ ಹಿಮ್ಮುಖ ಓರೆಗೆರೆ ಒತ್ತಿದರೆ ಪರದೆ ಎರಡಾಗುತ್ತದೆ. ಕಂಟ್ರೋಲ್-1, ಕಂಟ್ರೋಲ್-2 ಒತ್ತಿ ಅತ್ತಿತ್ತ ಹೋಗಬಹುದು. ಇಂಗ್ಲಿಷ್ ಗ್ರೂಪಿನ ಬಲ ಮೂಲೆಯ ಮೂರು ಚುಕ್ಕಿಯಲ್ಲಿ 'ಲಾಕ್ ಗ್ರೂಪ್' ಒತ್ತಿ. ಆಮೇಲೆ ಕಂಟ್ರೋಲ್-ಪಿ ಮೂಲಕ ಏನು ತೆರೆದರೂ ಅದು ಕನ್ನಡದ ಕಡೆಯೇ ತೆರೆಯುತ್ತದೆ, ಮೂಲ ಪಾಠ ಅಲುಗಾಡುವುದಿಲ್ಲ. ಅನುವಾದ ಮಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. 2024ರ ಏಪ್ರಿಲ್‌ನ 1.89 ಆವೃತ್ತಿಯಿಂದ 'ಟಾಗಲ್ ಲಾಕ್ಡ್ ಸ್ಕ್ರಾಲಿಂಗ್' ಎಂಬ ಆಜ್ಞೆಯೂ ಇದೆ. ಒಂದು ಕಡೆ ಸರಿಸಿದರೆ ಎರಡೂ ಕಡೆ ಒಟ್ಟಿಗೆ ಸರಿಯುತ್ತವೆ. ಸಾಲಿಗೆ ಸಾಲು ಹೊಂದಿಸಿ ಬರೆದಿದ್ದರಷ್ಟೇ ಉಪಯೋಗ, ಹಾಗಾಗಿ ನಾನು ಕನ್ನಡ ಫೈಲಿನಲ್ಲಿ ಒಂದು ಖಾಲಿ ಸಾಲನ್ನೂ ಹೆಚ್ಚಿಗೆ ಬಿಡುವುದಿಲ್ಲ. ಎರಡನೆಯ ಮಾನಿಟರ್ ಇದ್ದವರು ಟ್ಯಾಬನ್ನು ಹಿಡಿದು ಹೊರಗೆ ಎಳೆದರೆ ಅದು ಬೇರೆ ವಿಂಡೋ ಆಗುತ್ತದೆ. ನನ್ನದು 14 ಇಂಚಿನ ಲ್ಯಾಪ್‌ಟಾಪ್. ಎರಡು ಗ್ರೂಪಿನ ಮೇಲೆ ಮೂರನೆಯದು ಮಾಡಿದರೆ ಕನ್ನಡದ ಒಂದು ವಾಕ್ಯವೂ ಒಂದೇ ಸಾಲಿನಲ್ಲಿ ಕೂರುವುದಿಲ್ಲ.

ಸಂಜೆ ಎದ್ದುಹೋಗುವ ಮುಂಚೆ ಪ್ರತಿ ವಿಂಡೋದಲ್ಲೂ ಕಂಟ್ರೋಲ್-ಕೆ ಒತ್ತಿ, ಬಿಟ್ಟು, ಯು ಒತ್ತಿ. ಆ ಗ್ರೂಪಿನಲ್ಲಿ ಸೇವ್ ಆಗಿರುವ ಫೈಲುಗಳು ಮುಚ್ಚಿಹೋಗಿ, ಆಗದವು ಉಳಿಯುತ್ತವೆ. ನಿನ್ನೆ ಕಂದು ಪಟ್ಟಿಯ ವಿಂಡೋದಲ್ಲಿ ಹಾಗೆ ಒಂದು ಉಳಿಯಿತು. ತೆರೆದು ನೋಡಿದರೆ ಅಡಿಕೆಯ ಒಂದು ಬಗೆಯಾದ 'ಚಾಲಿ' ಎಂಬ ಪದದ ಮುಂದೆ ಉದ್ಧರಣ ಚಿಹ್ನೆ ಮುಚ್ಚದೆ ಬಿಟ್ಟಿದ್ದೆ. ಮುಚ್ಚಿ, ಸೇವ್ ಮಾಡಿ, ದೀಪ ಆರಿಸಿದೆ.