ಪಾದ್ರಿ ಬಂಗಲೆಯ ಗೋಡೆ ಕೊನೆಗೂ ಒಣಗಿತು

"ಇಷ್ಟು ದುಡ್ಡಿಗೆ ಕೆಡವಿ ಹೊಸದೇ ಕಟ್ಟಬಹುದಿತ್ತಲ್ಲ ಮಾರಾಯ್ರೆ" ಎಂದು ಬಂಗಲೆ ರಿಪೇರಿ ಮಾಡಿಸುವಾಗ ನನಗೆ ಹೇಳಿದವರೇ ಈ ಮಳೆಗಾಲದಲ್ಲಿ ಬಂದು ಗೋಡೆ ಮುಟ್ಟಿ ನೋಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನ ಹಳೆ ಪಾದ್ರಿ ಬಂಗಲೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು. ಪಾದ್ರಿಗಳು ಬಿಟ್ಟ ಮೇಲೆ ಹಾಸ್ಟೆಲ್ ಆಯಿತು, ಆಮೇಲೆ ಗೋದಾಮು. ಈಗ ಲೈಬ್ರರಿ ಮತ್ತು ಎರಡು ಆಫೀಸು. ಹಂಚಿನ ಮೇಲೆ 1865 ಅಂತ ಒತ್ತಿದೆ, ಹಾಗಾಗಿ ಮನೆಗೂ ಅಷ್ಟೇ ವಯಸ್ಸು ಅಂತ ಎಲ್ಲರ ಲೆಕ್ಕ. ಅದು ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಹಿಂಬದಿಯ ಮಾಡಿನಲ್ಲಿ 'ಕಾಮನ್‌ವೆಲ್ತ್' ಅಂತ ಒತ್ತಿದ ಹಂಚು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಕಾರ್ಖಾನೆ ಮಿಶನ್‌ನವರ ಕೈತಪ್ಪಿದ ಮೇಲಿನ ಹೆಸರು ಅದು. ಅಂದರೆ ಆ ಮಾಡಿಗೆ ಆಮೇಲೆ ಯಾರೋ ಕೈಹಾಕಿದ್ದಾರೆ.

ತಲೆನೋವು ಇದ್ದದ್ದು ಗೋಡೆಯದ್ದು. ಹಾಸ್ಟೆಲ್ ಕಾಲದಲ್ಲಿ ಹಳೆ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿದು, ಮೇಲೆ ಆಯಿಲ್ ಪೇಂಟ್ ಹೊಡೆದಿದ್ದರು. ಮುರಕಲ್ಲು ನೆಲದ ನೀರು ಕುಡಿಯುತ್ತದೆ, ಹೊರಗೆ ಬಿಡೋಕೆ ದಾರಿಯಿಲ್ಲ. ಎದೆಮಟ್ಟ ಪಸೆ. ತಟ್ಟಿದರೆ ಟೊಳ್ಳು ಸದ್ದು. ಒಬ್ಬ ಕಂಟ್ರಾಕ್ಟರು ವಾಟರ್‌ಪ್ರೂಫ್ ಕೆಮಿಕಲ್ ಹೊಡೆದು 60 ಸಾವಿರ ಚಿಲ್ಲರೆ ತಗೊಂಡು ಹೋದರು. ಮುಂದಿನ ಮಳೆಗೆ ಪಸೆ ತಲೆಮಟ್ಟ ಏರಿತು!

ಸಿಮೆಂಟ್ ಪೂರ್ತಿ ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಹಾಗೇ ಬೆತ್ತಲೆ ಬಿಟ್ಟೆವು. ಆಮೇಲೆ ಚಿಪ್ಪಿನ ಸುಣ್ಣದ ಗಾರೆ, ಒಂದಕ್ಕೆ ಮೂರು ಮರಳು. ಮೊದಲ ಗೋಡೆ ತುಂಬ ಕೂದಲೆಳೆ ಬಿರುಕು, ಯಾಕಂದ್ರೆ ಸಿಮೆಂಟಿಗೆ ಕೈ ಕೂತ ಹುಡುಗರು ದಪ್ಪಗೆ ಒಂದೇ ಸಲ ಎಳೆದು, ಒದ್ದೆ ಇಡದೆ ಸಂಜೆಗೆ ಮನೆಗೆ ಹೋದರು. ಅಷ್ಟೂ ಕಿತ್ತೆವು. ಎರಡನೇ ಸಲ ತೆಳ್ಳಗೆ ಮೂರು ಕೋಟು, ಮೇಲೆ ಒದ್ದೆ ಗೋಣಿ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುವುದು ಹಳೆ ರೂಢಿ. ಎಷ್ಟು, ಯಾವಾಗ ಅನ್ನೋದು ನಮ್ಮ ಮೇಸ್ತ್ರಿಯ ಗುಟ್ಟು, ನಾನು ಹೇಳುವ ಹಾಗಿಲ್ಲ.

ಸುಮ್ನೆ ನೋಡೋಣ ಅಂತ ಒಡೆದ ಹಂಚನ್ನೇ ಕುಟ್ಟಿ ಜರಡಿ ಹಿಡಿದು ಮಳೆ ಹೊಡೆಯುವ ಪಡುವಣ ಗೋಡೆಯ ಗಾರೆಗೆ ಸೇರಿಸಿದೆ. ಆ ಗೋಡೆಯೇ ಎಲ್ಲಕ್ಕಿಂತ ಗಟ್ಟಿ. ಜಾಸ್ತಿ ಬೆಂದು ಕಪ್ಪಾದ ಹಂಚು ಮಾತ್ರ ಬೇಡ, ಅದು ಸುಣ್ಣಕ್ಕೆ ಹಿಡಿಯದೆ ಬರೀ ಮರಳಿನ ಹಾಗೆ ಕೂರುತ್ತದೆ. ಮೆಂತ್ಯದ ನೀರನ್ನೂ ನೋಡಿದೆ, ಇರುವೆ ಬಂತು ಅಷ್ಟೇ.

ಗೋಡೆಗೇ ಸುಮಾರು 7 ಲಕ್ಷ ಆಯಿತು, ಅರ್ಧಕ್ಕಿಂತ ಜಾಸ್ತಿ ಕೂಲಿ. ಸಿಮೆಂಟಿನವರು 4 ಲಕ್ಷ ಹೇಳಿದ್ದರು. ವಯರಿಂಗಿಗೆ ಗೋಡೆ ಕೊರೆಯಲು ಬಿಡಲಿಲ್ಲ, ಪೈಪು ಹೊರಗೇ ಓಡುತ್ತದೆ. ಬಣ್ಣ ಬರೀ ಸುಣ್ಣ. ಅಂಗಿಗೆ ಬಿಳಿ ಹತ್ತುತ್ತದೆ ಅಂತ ಆಫೀಸಿನವರು ಗೊಣಗಿದರು, ಅವರಿಗಾಗಿ ಬೆನ್ನೆತ್ತರಕ್ಕೆ ಮರದ ಪಟ್ಟಿ ಹೊಡೆಸಿದ್ದೇನೆ, ಹಿಂದೆ ಗಾಳಿಯಾಡಲು ಬೆರಳಷ್ಟು ಸಂದು ಬಿಟ್ಟು.